ಎರಡು ಕೈಯ ನೀರು

ಇಷ್ಟು ಹೊತ್ತಿಗೆ ಮೊಳಕೆ ಮೇಲೆ ಬರಬೇಕಿತ್ತು. ಹಿತ್ತಲಿನ ಪಾತಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಅವನು ಮಣ್ಣನ್ನೇ ದಿಟ್ಟಿಸುತ್ತಿದ್ದ. ಚಳಿ ಯಾವಾಗಲೋ ಹೋಗಿತ್ತು, ಗೋಡೆಯಾಚೆಯ ಬೋಳು ಮರ ಕೂಡ ಯಾರನ್ನೂ ಕೇಳದೆ ಚಿಗುರಿ ನಿಂತಿತ್ತು, ಬೀಜದ ಪೊಟ್ಟಣದ ಮೇಲಿನ ಚಿತ್ರದಲ್ಲಿ ಬೀನ್ಸು ಗೊಂಚಲುಗೊಂಚಲಾಗಿ ಜೋತು ಬಿದ್ದಿತ್ತು. ಇಲ್ಲಿ ಮಾತ್ರ ಒಂದು ಹಸಿರು ಚುಕ್ಕೆಯೂ ಇಲ್ಲ. ಹಿಂತಿರುಗಿ ಮಲಗುವ ಕೋಣೆಯ ಕಿಟಕಿ ನೋಡಿದ. ಪರದೆ ಅಲುಗಲಿಲ್ಲ. ಹೆಂಡತಿ ಇನ್ನೂ ಎದ್ದಿಲ್ಲ. ನಲ್ಲಿಯನ್ನು ಸದ್ದಾಗದಷ್ಟೇ ತಿರುವಿ, ಬಕೆಟ್ಟನ್ನು ಓರೆ ಹಿಡಿದು ಅದರ ಒಳಮೈಗುಂಟ ನೀರು ಜಾರುವಂತೆ ತುಂಬಿಸಿ, ಮಗ್ಗಿನಿಂದ ಸಾಲುಸಾಲಿಗೂ ಬಿಟ್ಟ. ಸ್ವಂತ ಮನೆ, ಸ್ವಂತ ನಲ್ಲಿ, ಸ್ವಂತ ಬೀನ್ಸು, ಆದರೂ ಎದೆ ಡವಡವ ಎನ್ನುತ್ತಿತ್ತು. ನೀರು ಹಾಕುವ ಕೆಲಸ ಅವಳದು, ದಿನಾ ಸಂಜೆ, ಅಂಗಡಿಯಿಂದ ಬಂದ ಮೇಲೆ. ಹಾಗೆಂದು ಇಬ್ಬರೂ ಕೂತು ಗೊತ್ತು ಮಾಡಿಕೊಂಡಿದ್ದರು. ನಿನ್ನೆ ಸಂಜೆಯೂ ಅವಳು ಹಿತ್ತಲಿನಿಂದ "ನೀರು ಹಾಕಿದೀನೀ" ಎಂದು ಕೂಗಿದ್ದಳು, ಅವನೂ ಒಳಗಿನಿಂದ "ಸರಿ" ಎಂದಿದ್ದ. ಎಲ್ಲ ಕ್ರಮಪ್ರಕಾರ. ಆದರೆ ಅವಳು ಹಾಕಿದ್ದು ಸಾಲದೆ ಹೋದರೆ? ಎಲ್ಲೋ ಮನಸ್ಸಿಟ್ಟು ಒಂದು ಸಾಲು ಬಿಟ್ಟಿದ್ದರೆ? ಈ ಬೀಜಗಳು ಸತ್ತರೆ ಬರೀ ಬೀಜಗಳು ಸತ್ತ ಹಾಗಲ್ಲ. ಅವನು ಬಕೆಟ್ಟನ್ನು ಇದ್ದ ಜಾಗದಲ್ಲೇ ಇಟ್ಟು, ಕಾಲಿನ ಕೆಸರನ್ನು ಕಲ್ಲಿಗೆ ಒರೆಸಿಕೊಂಡು, ಆಗಷ್ಟೇ ಎದ್ದವನ ಹಾಗೆ ಆಕಳಿಸುತ್ತ ಒಳಗೆ ಬಂದ.

ಆ ಮನೆಯಲ್ಲಿ ಯಾವ ಕೆಲಸವೂ ಬಾಯಿಮುಚ್ಚಿಕೊಂಡು ನಡೆಯುತ್ತಿರಲಿಲ್ಲ. "ಉಪ್ಪು ಹಾಕಿದೀನಿ." "ಸರಿ." "ಗ್ಯಾಸ್ ಆರಿಸಿದೀನಿ." "ಸರಿ." "ಮುಂದಿನ ಬಾಗಿಲು ಹಾಕಿದೆ ಕಣೇ." "ಸರಿ." ಪಕ್ಕದ ಮನೆಯ ರಿಟೈರಾದ ಟೈಪಿಸ್ಟಮ್ಮನಿಗೆ ಇದೊಂದು ಪುಕ್ಕಟೆ ನಾಟಕವಾಗಿತ್ತು. ಒಮ್ಮೆ ಗೋಡೆಯ ಮೇಲಿಂದ ತಲೆ ಎತ್ತಿ, "ನಿನ್ನೆ ನಿಮ್ಮನೆ ಉಪ್ಪಿಗೆ ನಾನೂ ಸರಿ ಅಂದ್ಬಿಟ್ಟೆ ಕಣಪ್ಪಾ, ಎರಡು ಸಲ ಹಾಕಿಲ್ಲ ತಾನೇ?" ಎಂದು ನಕ್ಕಿದ್ದರು. ಅವನೂ ನಕ್ಕ. ನಗುತ್ತಿದ್ದಂತೆ ಕಿವಿ ಬಿಸಿಯಾಗಿ, ಎಲ್ಲಿ ಅವರಿಗೆ ಗೊತ್ತಾಗಿಬಿಟ್ಟಿದೆಯೋ ಎಂದು ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಂಡ. ಈ ಕೂಗಾಟವನ್ನು ಮನೆಗೆ ತಂದವನು ಅವನೇ. ಅವನು ಲಿಫ್ಟ್ ಮೆಕ್ಯಾನಿಕ್. ಲಿಫ್ಟಿನ ಕೆಲಸಕ್ಕೆ ಇಬ್ಬರು ಬೇಕು: ಒಬ್ಬ ಮೇಲೆ ಮೋಟಾರು ಕೋಣೆಯಲ್ಲಿ, ಇನ್ನೊಬ್ಬ ಕತ್ತಲೆ ಬಾವಿಯಂಥ ಸಂದಿಯಲ್ಲಿ, ಕ್ಯಾಬಿನ್ನಿನ ನೆತ್ತಿಯ ಮೇಲೆ. ಒಬ್ಬರಿಗೊಬ್ಬರು ಕಾಣುವುದಿಲ್ಲ. ಮಾಡುವುದನ್ನು ಕೂಗಿ ಹೇಳಬೇಕು, ಆ ಕಡೆಯವನು ಸರಿ ಎನ್ನಬೇಕು, ಆಮೇಲೆಯೇ ಗುಂಡಿ ಒತ್ತಬೇಕು. ಹಾಗೆ ಮಾಡಿದರೆ ಯಾರೂ ಸಾಯುವುದಿಲ್ಲ. ಮಗು ಹೋದ ಮೇಲೆ, ನೆಂಟರೆಲ್ಲ ಎದ್ದು ಹೋಗಿ ಮನೆ ಬಿಕೋ ಎನ್ನತೊಡಗಿದ ದಿನ, ಅವನು ಹಾಲಿನ ಪಾತ್ರೆಯನ್ನು ಒಲೆಯಿಂದ ಇಳಿಸಿ ಯಾಕೆಂದು ಗೊತ್ತಿಲ್ಲದೆ "ಇಳಿಸಿದೆ" ಎಂದು ಕೂಗಿದ. ಕೋಣೆಯೊಳಗಿಂದ ಅವಳು, ಅದೆಷ್ಟೋ ದಿನದಿಂದ ಬಾಯಿ ಬಿಡದಿದ್ದವಳು, "ಸರಿ" ಎಂದಳು. ಅಲ್ಲಿಂದ ಶುರು.

ಮಗುವಿಗೆ ಜ್ವರ ಬಂದಿತ್ತು, ಅಷ್ಟೇ, ಎಲ್ಲ ಮಕ್ಕಳಿಗೂ ಬರುವಂಥದ್ದು. ಮಧ್ಯಾಹ್ನ ಹೆಂಡತಿ ಮಗುವನ್ನು ಮಗ್ಗುಲಲ್ಲಿ ಹಾಕಿಕೊಂಡು ಕಣ್ಣು ಮುಚ್ಚಿದ್ದಳು. ರಾತ್ರಿಯೆಲ್ಲ ನಿದ್ದೆಗೆಟ್ಟವಳನ್ನು ಎಬ್ಬಿಸುವುದೇಕೆಂದು ಅವನೇ ಬಾಟಲಿಯ ಮುಚ್ಚಳಕ್ಕೆ ಕಂದುಬಣ್ಣದ ಔಷಧಿ ಬಗ್ಗಿಸಿ, ಕುಡಿಸಿ, ಹಾಲು ತರಲು ಹೊರಗೆ ಹೋದ. ಅವನು ಅತ್ತ ಹೋದ ಮೇಲೆ ಅವಳಿಗೆ ಎಚ್ಚರವಾಯಿತು. ಗಂಡಸರಿಗೆ ಇಂಥದ್ದೆಲ್ಲ ಎಲ್ಲಿ ನೆನಪಿರುತ್ತದೆ ಎಂದುಕೊಂಡು ಅವಳೂ ಅದೇ ಮುಚ್ಚಳದಲ್ಲಿ ಕುಡಿಸಿದಳು. ಸಂಜೆಗೆ ಮಗು ಕಣ್ಣು ಮೇಲೆ ಮಾಡಿತು, ಬೆಳಕು ಹರಿಯುವ ಮುಂಚೆ ಆಸ್ಪತ್ರೆಯಲ್ಲಿ ಹೋಯಿತು. "ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಜ್ವರ ತಲೆಗೇರಿತ್ತು. ಎರಡು ಸಲ ಕೊಟ್ಟಿದ್ದಕ್ಕೆಲ್ಲ ಹೀಗಾಗಲ್ಲ" ಎಂದರು ಡಾಕ್ಟರು, ಗೋಡೆಯ ಬೇಸಿನ್ನಿನಲ್ಲಿ ಕೈ ತೊಳೆಯುತ್ತ, ಬೆನ್ನು ಮಾಡಿಕೊಂಡು. ಮುಖ ನೋಡಿ ಹೇಳಿದ್ದರೆ ಅವನು ನಂಬುತ್ತಿದ್ದನೋ ಏನೋ. ಮತ್ತೊಮ್ಮೆ ಕೇಳಲು ಇಬ್ಬರಿಗೂ ಧೈರ್ಯವಾಗಲಿಲ್ಲ. ದುಃಖ ಕೇಳಲು ಬಂದಿದ್ದ ದೊಡ್ಡಮ್ಮ ಚಹಾದ ಲೋಟ ಕೈಯಲ್ಲಿ ಹಿಡಿದು, ಸಕ್ಕರೆ ಹಾಕಲು ಹೋದ ಅವಳನ್ನು ತಡೆದು, "ಸಾಕು ಸಾಕು, ಅತಿಯಾದ್ರೆ ಅಮೃತವೂ ವಿಷ ಕಣಮ್ಮಾ" ಎಂದಿದ್ದಳು, ಪಾಪ, ತನ್ನ ಸಕ್ಕರೆ ಕಾಯಿಲೆಯ ಯೋಚನೆಯಲ್ಲಿ. ಹೆಂಡತಿಯ ಕೈಯ ಚಮಚ ಗಾಳಿಯಲ್ಲೇ ನಿಂತಿತು. ಅವನು ಬಾಗಿಲಲ್ಲಿ ನಿಂತವನು ನಿಂತ ಹಾಗೇ ಇದ್ದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದಂತೆ ಎಷ್ಟು ಹುಷಾರಾಗಿ ಕಣ್ಣು ತಪ್ಪಿಸಿಕೊಂಡರೆಂದರೆ, ದೊಡ್ಡಮ್ಮ ತನಗೇ ಏನೋ ಅವಮಾನವಾಯಿತೆಂದು ಚಹಾ ಅರ್ಧಕ್ಕೆ ಬಿಟ್ಟು ಎದ್ದಳು.

ಕಳೆದ ಚಳಿಗಾಲದ ಒಂದು ಸಂಜೆ ಅವಳು ಬಟ್ಟೆ ಮಡಚುತ್ತ, ತಲೆ ಎತ್ತದೆ, "ರೀ, ಇನ್ನೊಂದು ಮಗು ಆಗ್ಲಿ ನಮಗೆ" ಎಂದಳು. ಏನಾದರೂ ಹೇಳಲೇಬೇಕಲ್ಲ. "ಮೊದ್ಲು ಒಂದು ಗಿಡ ಬದುಕಿಸಿ ತೋರಿಸೋಣ, ಆಮೇಲೆ ಮಗು" ಎಂದುಬಿಟ್ಟ. ನಗಿಸಲು ಆಡಿದ ಮಾತು. ಆಡಿದ ಮೇಲೆ ಅದರ ಹಲ್ಲು ಅವನಿಗೇ ಕಂಡಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳು ಕೈಯಲ್ಲಿದ್ದ ಅಂಗಿಯ ತೋಳನ್ನು ನೀಟಾಗಿ ಹಿಂದಕ್ಕೆ ಮಡಚಿ, "ಆಗ್ಲಿ" ಎಂದಳು. ಬಿಸಿಲು ಬಲಿಯುತ್ತಿದ್ದಂತೆ ಒಂದು ರಜಾದಿನ ಟೈಪಿಸ್ಟಮ್ಮನ ಮನೆಯಿಂದ ಗುದ್ದಲಿ ಕೇಳಿ ತಂದು ಅವನ ಮುಂದೆ ನಿಲ್ಲಿಸಿದಳು. ಅಂದಿನ ಬೆಳಗು ಚೆನ್ನಾಗಿತ್ತು, ಸುಳ್ಳೇಕೆ ಹೇಳಬೇಕು. ಅವನು ಅಗೆದ ಪಾತಿಯನ್ನು ನೋಡಿ ಅವಳು ಸೊಂಟಕ್ಕೆ ಕೈಯಿಟ್ಟು, "ಮೇಲೆ ಕೆಳಗೆ ಓಡಾಡೋರಿಗೆ ಅಡ್ಡಡ್ಡ ಕೆಲಸ ಬರಲ್ಲ ನೋಡಿ" ಎಂದು ಛೇಡಿಸಿದಳು. ಅವಳು ಪರದೆ ಹೊಲಿಯುವ ಅಂಗಡಿಯಲ್ಲಿ ಕತ್ತರಿ ಹಿಡಿಯುವವಳು. ಕುತ್ತಿಗೆಯ ಟೇಪು ತೆಗೆದು ನೆಲಕ್ಕೆ ಹಾಸಿ, ಸಾಲಿನಿಂದ ಸಾಲಿಗೆ ಅಳತೆ ಹಿಡಿದು, ಮಣ್ಣಿನ ಮೇಲೆ ಸೀಮೆಸುಣ್ಣದ ತುದಿಯಿಂದ ಗೀಟು ಹಾಕಿದಳು. "ಇದಕ್ಕೂ ನೆರಿಗೆ ಬಿಡ್ತೀಯೇನೇ?" ಎಂದು ಅವನು ಕೇಳಿದ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು, ಅವನೂ ನಕ್ಕ, ಆಮೇಲೆ ಯಾರೋ ಗದರಿದ ಹಾಗೆ ಇಬ್ಬರೂ ಒಮ್ಮೆಗೇ ನಿಲ್ಲಿಸಿದರು. ಅವನು ಬೆರಳಿನಿಂದ ಗುಳಿ ಮಾಡುತ್ತ ಹೋದ, ಅವಳು ಒಂದೊಂದೇ ಬೀಜ ಇಡುತ್ತ ಬಂದಳು. ಕೊನೆಯ ಗುಳಿ ಮುಚ್ಚಿ ಅವಳು ಹೇಳಿದಳು: "ಇದು ಮೇಲೆ ಬಂದ ದಿನ ಆ ಮಾತು ಮತ್ತೆ ಎತ್ತೀನಿ ರೀ. ಆಗ ತಮಾಷೆ ಮಾಡ್ಬೇಡಿ."

ಅವತ್ತಿನಿಂದ ಅವನಿಗೆ ನಿದ್ದೆಯಿಲ್ಲ. ಬೀಜ ಬರಲಿ ಎಂದು ಕಾಯುತ್ತಿದ್ದಾನೋ, ಬರದಿರಲಿ ಎಂದೋ, ಅವನಿಗೇ ತಿಳಿಯದು. ಅವಳಿಗೆ ಹೇಳದ ಇನ್ನೊಂದು ಸಂಗತಿಯಿತ್ತು. ಕೆಲವು ದಿನ ಅವನು "ಕಿಟಕಿ ಹಾಕಿದೆ" ಎಂದು ಕೂಗಿ, ಅವಳು "ಸರಿ" ಎಂದ ಮೇಲೆ, ಸ್ವಲ್ಪ ತಡವಾಗಿ, ಊಟದ ಮೇಜಿನ ಕೆಳಗಿನಿಂದ, "ಸಲಿ" ಎಂದು ಮತ್ತೊಂದು ದನಿ ಬರುತ್ತಿತ್ತು. ಮಗುವಿಗೆ ರಕಾರ ಬರುತ್ತಿರಲಿಲ್ಲ. ಆದರೆ ಮಗು ಇದ್ದಾಗ ಈ ಮನೆಯಲ್ಲಿ ಈ ಕೂಗಾಟವೇ ಇರಲಿಲ್ಲವಲ್ಲ, ಅದು ಕಲಿತದ್ದು ಯಾವಾಗ? ಭ್ರಮೆ ಎಂದು ಗೊತ್ತಿತ್ತು. ಗೊತ್ತಿದ್ದೂ ಅವನು ಮೊದಲೇ ಹಾಕಿದ್ದ ಕಿಟಕಿಯನ್ನು ಮತ್ತೆ ಹಾಕಿದೆನೆಂದು ಕೂಗುತ್ತಿದ್ದ, ಆರಿಸಿದ ದೀಪವನ್ನು ಮತ್ತೆ ಆರಿಸಿದೆನೆಂದು ಕೂಗಿ ಕಿವಿಗೊಟ್ಟು ನಿಲ್ಲುತ್ತಿದ್ದ. ಬಂದರೆ ಮೈ ಜುಮ್ಮೆಂದು ಹೆದರಿಕೆ, ಬರದಿದ್ದರೆ ಸಂಕಟ. ಇನ್ನೊಂದು ಮಗು ಬಂದು ನಿಜವಾದ ಬಾಯಿಂದ ಕಿರುಚತೊಡಗಿದರೆ ಈ ದನಿ ಮೇಜಿನ ಕೆಳಗಿಂದ ಎದ್ದು ಎಲ್ಲಿಗೆ ಹೋಗಬೇಕು? ಜಾಗ ಖಾಲಿ ಮಾಡು ಎಂದು ಬಾಡಿಗೆಯವರಿಗೆ ಹೇಳಿದ ಹಾಗೆ ಅದಕ್ಕೆ ಹೇಳಲಾದೀತೆ? ಥೂ, ಎಂಥ ಯೋಚನೆ ಎಂದು ತನ್ನನ್ನೇ ಬೈದುಕೊಂಡು ಮಗ್ಗುಲು ಬದಲಿಸುತ್ತಿದ್ದ. ಪಕ್ಕದಲ್ಲಿ ಅವಳೂ ಮಗ್ಗುಲು ಬದಲಿಸುತ್ತಿದ್ದಳು.

ಅಂದು ಕೆಲಸ ಒಂದು ಹಳೆಯ ಆಫೀಸು ಕಟ್ಟಡದಲ್ಲಿತ್ತು. ಜೊತೆಗಾರನ ಹೆಸರು ಮೌನಿ. ಆ ಹೆಸರು ಬಂದದ್ದು ಅವನು ಬಾಯಿ ಮುಚ್ಚಿದ್ದನ್ನು ಈವರೆಗೆ ಯಾರೂ ಕಂಡಿಲ್ಲವೆಂಬ ಕಾರಣಕ್ಕೆ. ಮೌನಿ ಸಂದಿಯೊಳಗೆ ಕ್ಯಾಬಿನ್ನಿನ ನೆತ್ತಿ ಹತ್ತಿ ಕಂಬಿಗೆ ಗ್ರೀಸು ಹಚ್ಚುತ್ತ, ಭಾವಮೈದುನನ ಮದುವೆ ಮುರಿದುಬಿದ್ದ ಕಥೆಯನ್ನು ಕೆಳಗಿನಿಂದಲೇ ಹೇಳುತ್ತಿದ್ದ. ಮೇಲೆ ಮೋಟಾರು ಕೋಣೆಯಲ್ಲಿ ಇವನು ಗುಂಡಿಯ ಮೇಲೆ ಬೆರಳಿಟ್ಟು ಕೂತಿದ್ದ. ಗ್ರೀಸಿನ ವಾಸನೆ, ಬಿಸಿ ತಂತಿಯ ವಾಸನೆ, ಅದರ ನಡುವೆ ಉಗುರಿನೊಳಗೆ ಸಿಕ್ಕಿಕೊಂಡಿದ್ದ ಬೆಳಗಿನ ಮಣ್ಣಿನ ವಾಸನೆ. "ಇಳಿಸು." "ಸರಿ." "ಇಳಿಸು." "ಸರಿ." ಬೀನ್ಸು ಬಿಸಿಲಿಗೆ ಬೇಗ ಬರುತ್ತದೆ ಎಂದು ಪೊಟ್ಟಣದಲ್ಲಿ ಬರೆದಿತ್ತು. ಬೇಗ ಎಂದರೆ ಯಾರ ಲೆಕ್ಕದಲ್ಲಿ? ಬೆಳೆಯುವ ಸಿರಿ ಮೊಳಕೆಯಲ್ಲಿ ಎನ್ನುತ್ತಾರೆ. ಮೊಳಕೆಯೇ ಇಲ್ಲದ್ದಕ್ಕೆ ಏನೆನ್ನುತ್ತಾರೆ? ಮಗು ಮುಚ್ಚಳವನ್ನು ನಾಲಿಗೆಯಿಂದ ನೆಕ್ಕಿ ಇನ್ನೂ ಬೇಕೆಂಬಂತೆ ನೋಡಿತ್ತು, ಸಿಹಿಯಿತ್ತಲ್ಲ ಔಷಧಿ. "ತಡಿ, ಕೈ ಒಳಗಿದೆ." "ಸರಿ" ಎಂದು ಅವನು ಗುಂಡಿ ಒತ್ತಿದ. ಕ್ಯಾಬಿನ್ನು ಗೇಣುದ್ದ ಜಾರಿತು, ಕೆಳಗಿನಿಂದ ಪ್ರಾಣಿಯಂಥ ಒಂದು ಕೂಗು ಬಂತು, ಅವನು ಬ್ರೇಕು ಎಳೆದ. ಮೌನಿ ಮೆಟ್ಟಿಲು ಹತ್ತಿ ಮೇಲೆ ಬಂದಾಗ ಕೈ ಇತ್ತು, ಬೆರಳುಗಳೆಲ್ಲ ಇದ್ದವು. ಕೈಗವಸು ಮಾತ್ರ ಅಂಗೈಯಿಂದ ತುದಿಯವರೆಗೆ ಸೀಳಿಹೋಗಿತ್ತು. ಅದನ್ನು ಬಿಚ್ಚಿ ಇವನ ತೊಡೆಯ ಮೇಲಿಟ್ಟು ಮೌನಿ ಬಹಳ ಹೊತ್ತು ಏನೂ ಮಾತಾಡಲಿಲ್ಲ. ಬೈದಿದ್ದರೆ ವಾಸಿಯಿತ್ತು. ಕೊನೆಗೆ, "ನೀನು ಸರಿ ಅನ್ನೋದು ನನಗೆ ಕೇಳಿಸ್ತು ಕಣೋ. ನಾನು ಅಂದಿದ್ದು ನಿನಗೆ ಕೇಳಿಸ್ಲೇ ಇಲ್ಲ. ಮನೆಗೆ ಹೋಗು" ಎಂದ.

ಮಟಮಟ ಮಧ್ಯಾಹ್ನ ಅವನು ಇಂಗು ತಿಂದ ಮಂಗನ ಹಾಗೆ ಮುಖ ಮಾಡಿಕೊಂಡು ಮನೆಯ ಬೀದಿಗೆ ಬಂದ. ಈ ಹೊತ್ತಿನಲ್ಲಿ ಆ ಬೀದಿಯನ್ನು ಅವನು ನೋಡಿದ್ದೇ ಅಪರೂಪ. ಬಾಗಿಲುಗಳೆಲ್ಲ ಹಾಕಿದ್ದವು, ಒಂದು ನಾಯಿ ಚರಂಡಿಯ ಕಲ್ಲಿನ ನೆರಳಲ್ಲಿ ಮಲಗಿತ್ತು. ಮುಂಬಾಗಿಲಿನ ಬೀಗದ ಕೈ ಹೆಂಡತಿಯ ಹತ್ತಿರ, ಹಾಗಾಗಿ ಪಕ್ಕದ ಸಂದಿಯಿಂದ ಹಿತ್ತಲಿಗೆ ನಡೆದ. ಅಲ್ಲಿ ಅವಳಿದ್ದಳು. ಅಂಗಡಿಯ ಬಟ್ಟೆಯಲ್ಲೇ, ಕುತ್ತಿಗೆಯಲ್ಲಿ ಟೇಪು ನೇತಾಡಿಸಿಕೊಂಡು, ಸೆರಗು ಸಿಕ್ಕಿಸಿಕೊಂಡು, ಪಾತಿಗೆ ಬಗ್ಗಿ ಮಗ್ಗಿನಿಂದ ನೀರು ಬಿಡುತ್ತಿದ್ದಳು. ಅವನ ಹೆಜ್ಜೆ ಕೇಳಿ ಹಾವು ತುಳಿದವಳ ಹಾಗೆ ನೆಗೆದು ನಿಂತಳು. ಮಗ್ಗಿನ ನೀರು ಅವಳ ಕಾಲ ಮೇಲೆಯೇ ಬಿತ್ತು.

"ಏನ್ರೀ ಇದು, ಇಷ್ಟು ಬೇಗ? ಏನಾಯ್ತು?"

"ನೀನ್ಯಾಕೆ ಈ ಹೊತ್ತಲ್ಲಿ ಇಲ್ಲಿ?"

"ಊಟದ ಬಿಡುವಲ್ವಾ, ಬಿಸಿಲು ಜೋರಿದೆ, ಒಣಗಿಹೋದ್ರೆ ಅಂತ..."

"ದಿನಾ ಬರ್ತೀಯಾ?"

"ಹೂಂ."

"ನನಗೆ ಹೇಳ್ಲೇ ಇಲ್ಲ."

"ಸಂಜೆದು ಹೇಳ್ತಿದ್ದೆನಲ್ಲ" ಎಂದವಳ ಕಣ್ಣು ಅವನ ಕೈಗೆ, ಉಗುರಿನ ಕಪ್ಪಿಗೆ, ಅಲ್ಲಿಂದ ಕೆಸರು ಒರೆಸಿದ ಕಲ್ಲಿಗೆ ಹೋಯಿತು. ಹೋದದ್ದು ಅಲ್ಲೇ ನಿಂತಿತು. "ನೀವು ಬೆಳಗ್ಗೆ ಹಾಕ್ತಿದ್ರಾ? ದಿನಾ ಬೆಳಗ್ಗೆ ಮಣ್ಣು ಒದ್ದೆ ಇರ್ತಿತ್ತು. ನಾನು ಇಬ್ಬನಿ ಅಂದ್ಕೊಂಡೆ. ಅಯ್ಯೋ, ನಾನು ಇಬ್ಬನಿ ಅಂದ್ಕೊಂಡಿದ್ದೆ ರೀ."

ಅವಳು ಕುಸಿದು ಕೂತಳು. ಪಾತಿಗೆ ಬೆರಳಿಟ್ಟಳು, ಮಣ್ಣು ಅಂಬಲಿಯಂತೆ ಬೆರಳನ್ನು ಗೆಣ್ಣಿನವರೆಗೆ ನುಂಗಿತು. ತಡಕಾಡಿ ಒಂದು ಬೀಜ ತೆಗೆದಳು. ಉಬ್ಬಿ ದಪ್ಪಗಾಗಿತ್ತು, ಒಂದು ಕ್ಷಣ ಜೀವವಿದ್ದಂತೆಯೇ ಕಂಡಿತು. ಅವಳು ಹಗುರಾಗಿ ಒತ್ತಿದ್ದೇ ಸಿಪ್ಪೆ ಜಾರಿ ಒಳಗಿನದು ಬೂದುಬಣ್ಣದ ಲೋಳೆಯಾಗಿ ಅಂಗೈಗೆ ಇಳಿಯಿತು. ವಾಸನೆ ಅವನ ಮೂಗಿನವರೆಗೂ ಬಂತು. ಇನ್ನೊಂದು ತೆಗೆದಳು, ಅದೂ ಹಾಗೇ. ಅವಳಿಗೇನಾಗುತ್ತಿದೆಯೆಂದು ಅವನಿಗೆ ತಿಳಿದಿತ್ತು, ಹತ್ತಿರ ಹೋಗಿ ಹೆಗಲು ಹಿಡಿಯಬೇಕೆಂದೂ ತಿಳಿದಿತ್ತು. ಆದರೆ ಅವನೊಳಗೆ ಆದದ್ದೇ ಬೇರೆ. ಎಷ್ಟೋ ದಿನದಿಂದ ಹಲ್ಲು ಕಚ್ಚಿ ಹೊತ್ತಿದ್ದ ಭಾರವನ್ನು ಯಾರೋ ಬಂದು ಇಳಿಸಿಕೊಂಡ ಹಾಗೆ ಎದೆ ಸಡಿಲಾಯಿತು. ಬರಲಿಲ್ಲ, ಇನ್ನು ಆ ಮಾತು ಏಳುವುದಿಲ್ಲ, ಮುಗಿಯಿತು. ಸಮಾಧಾನ, ಬರೀ ಸಮಾಧಾನ, ನಾಚಿಕೆಗೆಟ್ಟ ಸಮಾಧಾನ. ಅದು ಮುಖಕ್ಕೆ ಏರದಂತೆ ತಡೆಯಬೇಕೆನ್ನುವಷ್ಟರಲ್ಲಿ ಅವಳು ತಲೆ ಎತ್ತಿ ನೋಡಿಬಿಟ್ಟಳು.

"ಖುಷಿಯಾಯ್ತಾ ನಿಮಗೆ?"

ಇಲ್ಲ ಎನ್ನಬಹುದಿತ್ತು. ಏನು ಮಾತು ಅಂತ ಆಡ್ತೀಯ ಎಂದು ರೇಗಬಹುದಿತ್ತು. ಮೌನಿಯ ಸೀಳಿದ ಕೈಗವಸು ಇನ್ನೂ ಅವನ ಜೇಬಿನಲ್ಲಿತ್ತು, ಅದು ತೊಡೆಗೆ ಒತ್ತುತ್ತಿತ್ತು.

"ಹೂಂ" ಎಂದ. "ಹೆದರಿಕೆ ಕಣೇ ನನಗೆ. ತುಂಬಾ ಹೆದರಿಕೆ."

ಅವಳು ಅಳುತ್ತಾಳೆ ಎಂದುಕೊಂಡ. ಅಳಲಿಲ್ಲ. ಅಂಗೈಯನ್ನು ಮಣ್ಣಿಗೆ ಉಜ್ಜಿ ಒರೆಸಿಕೊಂಡಳು, ನಿಧಾನವಾಗಿ, ಬೆರಳುಬೆರಳೂ. "ನನಗಿಲ್ವಾ ಹೆದರಿಕೆ? ಹೆದರಿಕೆ ಇಲ್ದೇ ಉರಿ ಬಿಸಿಲಲ್ಲಿ ಊಟ ಬಿಟ್ಟು ಓಡಿ ಬರ್ತಿದ್ನಾ? ಆವತ್ತಿನ ತಪ್ಪನ್ನ ನಾವು ಅರ್ಧರ್ಧ ಹಂಚ್ಕೊಂಡ್ವಿ ರೀ. ಅರ್ಧ ಅಂದ್ರೆ ಹೊರೋಕೆ ಸುಲಭ. ಭಾರ ಜಾಸ್ತಿ ಅನ್ನಿಸ್ದಾಗ ನಿಮ್ಮರ್ಧ ನನ್ನ ಮೇಲೆ ಹಾಕ್ತೀರ, ನನ್ನರ್ಧ ನಾನು ನಿಮ್ಮ ಮೇಲೆ ಹಾಕ್ತೀನಿ. ಬಾಯಲ್ಲಿ ಮಾತ್ರ ಉಪ್ಪು, ಬಾಗ್ಲು, ಗ್ಯಾಸು. ಸಾಕಾಗಿದೆ ನನಗೆ." ಎದ್ದು ಒಳಗೆ ಹೋಗಿ ಮಿಕ್ಕಿದ್ದ ಬೀಜದ ಪೊಟ್ಟಣ ತಂದು ಅವನ ಕೈಯಲ್ಲಿಟ್ಟಳು. "ಇದನ್ನ ನೀವೊಬ್ರೇ ಹಾಕಿ. ನೀರೂ ನೀವೊಬ್ರೇ. ನಾನು ಹಿತ್ತಲಿಗೆ ಕಾಲಿಡಲ್ಲ, ಕಿಟಕಿಯಿಂದ್ಲೂ ನೋಡಲ್ಲ. ಹಾಕಿದೆ ಅಂತ ನನಗೆ ಕೂಗಿ ಹೇಳ್ಬೇಡಿ. ಹೇಳಿದ್ರೂ ನಾನು ಸರಿ ಅನ್ನಲ್ಲ."

"ಸತ್ತೋದ್ರೆ?"

"ಸತ್ತರೆ ನೀವು ಸಾಯಿಸಿದ್ರಿ. ಬಂದ್ರೆ ನೀವು ಬದುಕಿಸಿದ್ರಿ. ನನ್ನ ಹೆಸರು ಎತ್ತಂಗಿಲ್ಲ." ಅವಳು ಟೇಪನ್ನು ಸರಿಮಾಡಿಕೊಂಡಳು, ಕಾಲಿಗೆ ನೀರು ಸುರಿದುಕೊಂಡಳು. "ಅಂಗಡೀಲಿ ಕಾಯ್ತಿರ್ತಾರೆ" ಎಂದು ಸಂದಿಯಲ್ಲಿ ನಡೆದು ಹೋದಳು. ಹೋಗುವಾಗ ಹಿಂಬಾಗಿಲು ಎಳೆದುಕೊಂಡದ್ದು ಅವನಿಗೆ ಕಂಡಿತು. ಎಳೆದುಕೊಂಡೆ ಎಂದು ಅವಳು ಕೂಗಲಿಲ್ಲ.

ಅವನು ಪಾತಿಯನ್ನೆಲ್ಲ ಅಗೆದ. ಕೊಳೆತ ಬೀಜಗಳನ್ನು ಆರಿಸಿ ತೆಗೆದ, ಒದ್ದೆ ಮಣ್ಣನ್ನು ಬುಡಮೇಲು ಮಾಡಿ ಬಿಸಿಲಿಗೆ ಹರವಿದ, ಕೆಲಸವಿಲ್ಲದೆ ಅದರ ಎದುರು ಕೂತ. ಮಣ್ಣು ಆರುವುದಕ್ಕೆ ಕಾಯುವುದೆಂದರೆ ಏನೂ ಮಾಡದೆ ಕೂರುವುದು ಎಂದು ಅವನಿಗೆ ಗೊತ್ತಿರಲಿಲ್ಲ. ಆ ಸಂಜೆ ಕೂತ, ಮರುದಿನ ಕೆಲಸದಿಂದ ಬಂದು ಮತ್ತೆ ಕೂತ, ಅದರ ಮರುದಿನವೂ. ಆರಿದೆಯೋ ಇಲ್ಲವೋ ಹೇಳುವವರು ಯಾರೂ ಇರಲಿಲ್ಲ. ಅವಳು ಉಪ್ಪು ಹಾಕಿದಳೋ ಬಿಟ್ಟಳೋ ತಿನ್ನುವಾಗಲೇ ತಿಳಿಯುತ್ತಿತ್ತು. ಟೈಪಿಸ್ಟಮ್ಮ ಗೋಡೆಯ ಮೇಲಿಂದ, "ಏನಪ್ಪಾ, ರೇಡಿಯೋ ಕೆಟ್ಟೋಯ್ತಾ?" ಎಂದರು, ಅವನ ಮುಖ ನೋಡಿ ತಲೆ ಇಳಿಸಿಕೊಂಡರು. ಒಂದು ಸಂಜೆ ಮಣ್ಣು ಹಿಡಿದರೆ ಉಂಡೆಯಾಗಿ, ಬಿಟ್ಟರೆ ಪುಡಿಯಾಯಿತು. ಇರಬಹುದು ಎನ್ನಿಸಿತು. ಇರಬಹುದು ಎಂಬುದಕ್ಕಿಂತ ಹೆಚ್ಚಿನ ಗ್ಯಾರಂಟಿ ಕೊಡುವವರು ಯಾರೂ ಇಲ್ಲ. ಬೆರಳಿನಿಂದ ಗುಳಿ ಮಾಡಿದ. ಪೊಟ್ಟಣ ಹರಿದು ಒಂದು ಬೀಜವನ್ನು ಅಂಗೈಗೆ ಹಾಕಿಕೊಂಡ. ಮಗುವಿಗೆ ಔಷಧಿ ಕುಡಿಸಿದವನು ನಾನು ಎಂದುಕೊಂಡ. ಈ ಮಾತು ಅವನಿಗೆ ಹೊಸದಲ್ಲ, ಪ್ರತಿದಿನದ್ದೇ. ಆದರೆ ಪ್ರತಿದಿನವೂ ಅದಕ್ಕೊಂದು ಬಾಲವಿರುತ್ತಿತ್ತು: ಅವಳೂ ಕುಡಿಸಿದಳು. ಆ ಬಾಲಕ್ಕಾಗಿ ಅಭ್ಯಾಸಬಲದಿಂದ ಕಾದ. ಬಾಯಿ ಬಿಟ್ಟು, ಪಿಸುದನಿಯಲ್ಲಿ, ಇನ್ನೊಮ್ಮೆ ಹೇಳಿದ: "ಕುಡಿಸಿದವನು ನಾನು." ಅಷ್ಟಕ್ಕೇ ನಿಲ್ಲಿಸಿದ. ಅವನಿಗೆ ಜೋರಾಗಿ ಅಳು ಬಂತು. ಮಗು ಹೋದ ದಿನವೂ ಅವನು ಹೀಗೆ ಅತ್ತಿರಲಿಲ್ಲ, ಆಗ ಅವಳನ್ನು ಸಂಭಾಳಿಸುವ ನೆವವಿತ್ತು. ಮೂಗು ತೋಳಿಗೆ ಒರೆಸಿಕೊಂಡು ಬೀಜವನ್ನು ಗುಳಿಯಲ್ಲಿಟ್ಟ, ಮಣ್ಣು ಮುಚ್ಚಿದ, ಮುಂದಿನ ಗುಳಿ ಮಾಡಿದ. ಸಾಲು ಮುಗಿದಾಗ ಮಗ್ಗು ಎತ್ತಿಕೊಂಡ. ಒಂದು ಸಲ, ತೆಳ್ಳಗೆ, ಈ ತುದಿಯಿಂದ ಆ ತುದಿಗೆ ನೀರು ಬಿಟ್ಟ. ಸಾಕೋ ಸಾಲದೋ ಎಂದು ಬಹಳ ಹೊತ್ತು ನೋಡಿದ. ಸಾಕು ಎಂದು ತಾನೇ ತೀರ್ಮಾನಿಸಿ, ಮಗ್ಗಿನಲ್ಲಿ ಉಳಿದದ್ದನ್ನು ಚರಂಡಿಗೆ ಚೆಲ್ಲಿ ಒಳಗೆ ಹೋದ.